ಮೂಗಿಗಿಂತ ಮೂಗುತಿ ಭಾರವಾಗಬಾರದು

“ಮೂಗಿಗಿಂತ ಮೂಗುತಿ ಭಾರ” ಎಂಬ ಗಾದೆಯನ್ನು ಮೂವತ್ತಕ್ಕೆ ಮೇಲ್ಪಟ್ಟ ವರ್ಷಗಳ ಕಾಲ ಹುಡುಗರಿಗೆ ವಿವರಿಸಿ ಹೇಳಿದವನು ನಾನು. ಮೂಲವಸ್ತುವಿಗಿಂತ ಅಲಂಕಾರವೇ ಹೆಚ್ಚಾದರೆ ಅದು ನಗೆಗೀಡಾಗುವುದೆಂದು ಕರಿಹಲಗೆಯ ಮುಂದೆ ನಿಂತು ಬೋಧಿಸುತ್ತಿದ್ದೆನು. ಆದರೆ ಆ ಗಾದೆಯ ಅಕ್ಷರಾರ್ಥವು ನನಗೆ ತಿಳಿದುದು ಕಳೆದ ವರ್ಷ, ಶಿವಮೊಗ್ಗೆಯ ಒಂದು ಆಸ್ಪತ್ರೆಯಲ್ಲಿ, ಬೆಳಗಿನ ಜಾವ ಐದೂವರೆ ಗಂಟೆಗೆ. ಅಂದು ಕಡಲೆಬೇಳೆಯಷ್ಟು ದೊಡ್ಡದಾದ ಒಂದು ಮೂಗುತಿಯು ನಮ್ಮ ಮನೆಯವರನ್ನೆಲ್ಲ ಎರಡು ದಿನಗಳ ಕಾಲ ಹಣ್ಣುಮಾಡಿತು. ನಮಗಾದ ತೊಂದರೆಯು ಮತ್ತೊಂದು ಮನೆಗೆ ಆಗದಿರಲೆಂಬ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಅಣ್ಣನ ಸಂಸಾರವಿರುವುದು ಭದ್ರಾವತಿಯಲ್ಲಿ. ಅವನು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತನಾದವನು. ಅತ್ತಿಗೆಗೆ ಅರವತ್ತೆಂಟು ವರ್ಷ. ಊಟವಾದ ಮೇಲೆ ಪಕ್ಕೆಯಲ್ಲಿ ಚುಚ್ಚಿದಂತೆ ನೋವೆಂದು ತಿಂಗಳುಗಟ್ಟಲೆ ಜೀರಿಗೆ ಕಷಾಯವನ್ನೂ ಓಮದ ನೀರನ್ನೂ ಕುಡಿದರು. ಕೊನೆಗೆ ಪರೀಕ್ಷೆ ಮಾಡಿಸಲಾಗಿ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದೂ ಕೋಶವನ್ನೇ ತೆಗೆಯತಕ್ಕದ್ದೆಂದೂ ವೈದ್ಯರು ಹೇಳಿದರು. ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನವೇ ಶಿವಮೊಗ್ಗೆಗೆ ಬಂದು ಸೇರಿದೆವು. ಸೇರಿಸಿಕೊಳ್ಳುವಾಗ ಆಸ್ಪತ್ರೆಯವರು ಒಂದು ಅಚ್ಚಿನ ಕಾಗದವನ್ನು ಕೊಟ್ಟರು. ನಾನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡೆನು. ಪ್ರಶ್ನಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆಯುವ ಹುಡುಗರನ್ನು ಜೀವಮಾನವೆಲ್ಲ ಗದರಿಸಿದ ಮೇಷ್ಟರು ಆ ಕಾಗದವನ್ನು ಓದಲಿಲ್ಲ.

ಮರುದಿನ ಬೆಳಗಿನ ಜಾವ ದಾದಿಯು ಹಸುರು ಬಟ್ಟೆಯನ್ನು ತಂದುಕೊಟ್ಟು, “ಅಜ್ಜಿ, ಮೈಮೇಲಿನ ಒಡವೆಯನ್ನೆಲ್ಲ ತೆಗೆದುಬಿಡಿ, ತಾಳಿ, ಬಳೆ, ಓಲೆ, ಮೂಗುತಿ, ಕಾಲುಂಗುರ ಯಾವುದೂ ಇರಕೂಡದು” ಎಂದಳು. ಆ ಹುಡುಗಿಯ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ಅವಳಿಗೆ ಅದು ದಿನಕ್ಕೆ ಹತ್ತು ಬಾರಿ ಹೇಳುವ ಮಾತು. ಅತ್ತಿಗೆಗೆ ಮಾತ್ರ ಅದು ಐವತ್ತು ವರ್ಷಗಳಲ್ಲಿ ಮೊದಲ ಬಾರಿ ಕೇಳಿದ ಮಾತು. “ತಾಳಿ ತೆಗೆಯುವುದೆ? ಅವರು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ, ನಾನು ಇಲ್ಲಿ ಕೂತು ತಾಳಿ ತೆಗೆಯಲೆ?” ಎಂದು ಅವರು ಸೆರಗನ್ನು ಬಾಯಿಗೊತ್ತಿಕೊಂಡರು. ಸಮಾಧಾನ ಹೇಳುವುದರಲ್ಲಿ ಅರ್ಧ ಗಂಟೆ ಹೋಯಿತು. ಕೊನೆಗೆ ಕಣ್ಣು ಮುಚ್ಚಿ ತಾಳಿಯನ್ನು ತೆಗೆದು ಸೊಸೆಯ ಕೈಗಿತ್ತರು. ಗಾಜಿನ ಬಳೆಗಳು ಸಾಬೂನಿನ ನೀರಿಗೆ ಜಾರಿದವು. ಮೂಗುತಿಯು ಮಾತ್ರ ಅಲುಗಲಿಲ್ಲ. ಮದುವೆಯ ಕಾಲದಲ್ಲಿ ಹಾಕಿದ ತಿರುಪು; ಎಣ್ಣೆ, ಅರಿಸಿನ, ಬೆವರು ಕೂಡಿ ಅರ್ಧ ಶತಮಾನದಲ್ಲಿ ಕಲ್ಲಿನಂತೆ ಕಚ್ಚಿಕೊಂಡಿತ್ತು. ಸೊಸೆ ತಿರುಗಿಸಿದಳು, ದಾದಿ ತಿರುಗಿಸಿದಳು. ಮೂಗು ಕೆಂಪಾಗಿ ಊದಿ ಒಂದು ಹನಿ ರಕ್ತ ಬಂದಿತು. ಅಷ್ಟರಲ್ಲಿ ಅತ್ತಿಗೆಯ ರಕ್ತದೊತ್ತಡವು ಮಿತಿಮೀರಿ ಏರಿತ್ತು. ಅರಿವಳಿಕೆಯ ವೈದ್ಯರು ಬಂದು ನೋಡಿ, “ಇಂದು ಬೇಡ; ನಾಳಿದ್ದು ಮಾಡೋಣ. ಮೂಗುತಿಯನ್ನು ಬಿಡಿಸಿಕೊಂಡು ಬನ್ನಿ” ಎಂದರು.

ತಪ್ಪು ಅವರದಲ್ಲ, ನಮ್ಮದು. ಜೇಬಿನ ಕಾಗದವನ್ನು ಆಮೇಲೆ ಬಿಡಿಸಿ ನೋಡಿದರೆ ಮೂರನೆಯ ಸಾಲಿನಲ್ಲಿಯೇ ಆ ವಿಷಯವು ಸ್ಪಷ್ಟವಾಗಿ ಅಚ್ಚಾಗಿತ್ತು.

ಆ ವೈದ್ಯರು ಸಹನೆಯುಳ್ಳವರು. ನನ್ನ ಬಿಳಿಯ ಕೂದಲನ್ನು ನೋಡಿಯೋ ಏನೋ, ಹತ್ತು ನಿಮಿಷ ಕುಳಿತು ಕಾರಣಗಳನ್ನು ಬಿಡಿಸಿ ಹೇಳಿದರು. ಅದುವರೆಗೆ ನಾನು ಇದೆಲ್ಲ ಒಡವೆಯು ಕಳವಾಗದಿರಲೆಂದು ಮಾಡಿದ ಏರ್ಪಾಡೆಂದು ತಿಳಿದಿದ್ದೆನು. ಕಳವಿನ ಭಯವೂ ಒಂದು ಕಾರಣವೇ ಸರಿ. ಆದರೆ ಅದು ಕೊನೆಯದು.

ಮೊದಲನೆಯ ಕಾರಣವು ವಿದ್ಯುತ್ತಿಗೆ ಸಂಬಂಧಿಸಿದ್ದು. ಈಗಿನ ಶಸ್ತ್ರವೈದ್ಯರು ಕತ್ತರಿಸುವುದಕ್ಕೂ ರಕ್ತವನ್ನು ನಿಲ್ಲಿಸುವುದಕ್ಕೂ ಲೋಹದ ಅಲಗಿನ ಜೊತೆಗೆ ವಿದ್ಯುತ್ತಿನ ಲೇಖನಿಯೊಂದನ್ನು ಬಳಸುವರು. ಅಮೆರಿಕದ ಬಾಸ್ಟನ್ ನಗರದಲ್ಲಿ ಹಾರ್ವೆ ಕುಷಿಂಗ್ ಎಂಬ ಮೆದುಳಿನ ಶಸ್ತ್ರವೈದ್ಯರು ವಿಲಿಯಂ ಬೋವಿ ಎಂಬವರು ರಚಿಸಿದ ಇಂಥ ಯಂತ್ರವನ್ನು ೧೯೨೬ನೆಯ ಇಸವಿ ಅಕ್ಟೋಬರ್ ೧ರಂದು ಮೊದಲು ಉಪಯೋಗಿಸಿದರು. ಅಂದಿನಿಂದ ಅದು ಲೋಕವ್ಯಾಪಿಯಾಗಿದೆ. ನಮ್ಮ ಮನೆಯ ದೀಪದ ವಿದ್ಯುತ್ತು ಸೆಕೆಂಡಿಗೆ ೫೦ ಬಾರಿ ಹಿಂದುಮುಂದಾಗಿ ಹರಿಯುವುದು. ಈ ಯಂತ್ರದ ವಿದ್ಯುತ್ತು ಲಕ್ಷಗಟ್ಟಲೆ ಬಾರಿ. ಆದಕಾರಣ ಅದು ನರಗಳಿಗೆ ಧಕ್ಕೆ ಕೊಡುವುದಿಲ್ಲ. ಲೇಖನಿಯ ಸಣ್ಣ ತುದಿಯಲ್ಲಿ ಒತ್ತಾಗಿ ಸೇರಿದಾಗ ಮಾತ್ರ ಸುಡುವುದು. ಆಮೇಲೆ ದೇಹದಲ್ಲಿ ಹರಡಿ, ತೊಡೆಗೆ ಅಂಟಿಸಿದ ಅಗಲವಾದ ತಗಡಿನ ಮೂಲಕ ಯಂತ್ರಕ್ಕೆ ಹಿಂತಿರುಗುವುದು. ಇದು ಸರಿಯಾದ ದಾರಿ. ಮೈಮೇಲೆ ಉಡಿದಾರವೋ ಕಾಲುಂಗುರವೋ ಇದ್ದು, ಅದು ಮೇಜಿನ ಲೋಹಕ್ಕೆ ತಗುಲಿಕೊಂಡಿತೆನ್ನಿರಿ. ವಿದ್ಯುತ್ತಿನ ಒಂದು ಪಾಲು ಆ ಅಡ್ಡದಾರಿ ಹಿಡಿದು, ಅಲ್ಲಿಯೂ ಸಣ್ಣ ಜಾಗದಲ್ಲಿ ಒತ್ತಾಗಿ ಸೇರಿ ಚರ್ಮವನ್ನು ಸುಡಬಹುದು. ಈಗಿನ ಯಂತ್ರಗಳಲ್ಲಿ ಇದಕ್ಕೆ ತಡೆಗಳುಂಟು, ಹೀಗಾಗುವುದು ಅಪರೂಪ ಎಂದು ವೈದ್ಯರೇ ಒಪ್ಪಿಕೊಂಡರು. “ಆದರೆ ಒಂದು ವಿಷಯವನ್ನು ಯೋಚಿಸಿ, ಮೇಷ್ಟ್ರೇ. ಎಚ್ಚರವಿರುವವರು ಬೆರಳು ಸುಟ್ಟರೆ ಕೂಗಿಕೊಳ್ಳುತ್ತಾರೆ. ನಾವು ಮಲಗಿಸಿದವರು ಕೂಗಿಕೊಳ್ಳುವುದಿಲ್ಲ” ಎಂದರು. ಈ ಒಂದು ಮಾತು ನನ್ನ ಮನಸ್ಸಿನಲ್ಲಿ ನೆಟ್ಟಿತು.

ಎರಡನೆಯದು ಉಸಿರಿನ ವಿಷಯ. ಪೂರ್ತಿ ಅರಿವಳಿಕೆಯನ್ನು ಕೊಟ್ಟಾಗ ರೋಗಿಯು ತಾನಾಗಿ ಉಸಿರಾಡುವುದು ನಿಲ್ಲುವುದುಂಟು. ಮೂಗುಬಾಯಿಗಳ ಮೇಲೆ ಮುಚ್ಚಳವನ್ನೊತ್ತಿ ಹಿಡಿದು, ಆಮೇಲೆ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸಿ ಉಸಿರಾಡಿಸುವರು. ನತ್ತು ಅಡ್ಡವಿದ್ದರೆ ಮುಚ್ಚಳವು ಸರಿಯಾಗಿ ಕೂಡುವುದಿಲ್ಲ. ಸಡಿಲವಾದ ಮೂಗುತಿಯ ತಿರುಪು ಒಳಗೆ ಬಿದ್ದರೆ ಗಂಟಲನ್ನು ಹಾಯ್ದು ಶ್ವಾಸಕೋಶಕ್ಕೆ ಇಳಿಯಬಹುದು. ಈಚೆಗೆ ತರುಣತರುಣಿಯರು ನಾಲಗೆಗೂ ತುಟಿಗೂ ಹುಬ್ಬಿಗೂ ಹೊಕ್ಕುಳಿಗೂ ಚುಚ್ಚಿಸಿಕೊಳ್ಳುವುದುಂಟಷ್ಟೆ. ಇವುಗಳಲ್ಲಿ ನಾಲಗೆಯ ಮಣಿಯು ಎಲ್ಲಕ್ಕಿಂತ ಅಪಾಯಕರವಾದುದು. ಕೊಳವೆಯನ್ನಿಳಿಸುವಾಗ ಅದಕ್ಕೆ ಸಿಕ್ಕಿ ನಾಲಗೆ ಹರಿದರೆ ರಕ್ತವೂ ಬಾವೂ ಉಸಿರಿನ ದಾರಿಯಲ್ಲಿಯೇ ಸೇರುವುವು. ಕಾಣದ ಜಾಗಗಳಲ್ಲಿ ಚುಚ್ಚಿಸಿಕೊಂಡವರು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಮೂರನೆಯದು ಬಾವು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರಕ್ತನಾಳದ ಮೂಲಕ ಲವಣಜಲವನ್ನು ಸೀಸೆಗಟ್ಟಲೆ ಕೊಡುವರು. ಅದರಿಂದ ಕೈಬೆರಳುಗಳು ಊದಿಕೊಳ್ಳಬಹುದು. ಬೆಳಿಗ್ಗೆ ಸಡಿಲವಾಗಿದ್ದ ಉಂಗುರವು ಸಂಜೆಗೆ ನೂಲಿನಿಂದ ಬಿಗಿದಂತಾಗಿ ರಕ್ತಸಂಚಾರವನ್ನೇ ತಡೆಯುವುದು. ಕೈಯ ಮೇಲೆ ಶಸ್ತ್ರಕ್ರಿಯೆಯಾದವರಿಗಂತೂ ಈ ಭಯವು ಹೆಚ್ಚು. ಇದಲ್ಲದೆ, ಮಗ್ಗುಲಾಗಿಯೋ ಬೋರಲಾಗಿಯೋ ಗಂಟೆಗಟ್ಟಲೆ ಅಲುಗದೆ ಮಲಗಿದವರ ಕಿವಿಯೋಲೆಯ ತಿರುಪು ಕಿವಿಯ ಹಿಂದಿನ ಚರ್ಮವನ್ನು ಒತ್ತಿ ಹುಣ್ಣುಮಾಡುವುದುಂಟು.

ನಾಲ್ಕನೆಯದು ಶುಚಿತ್ವ. ಉಂಗುರದ ಕೆಳಗೂ ಬಳೆಯ ಸಂದಿನಲ್ಲಿಯೂ ಎಷ್ಟು ತೊಳೆದರೂ ಕೊಳೆ ನಿಲ್ಲುವುದೆಂದು ಹಿಟ್ಟು ಕಲಸುವ ಹೆಂಗಸರಿಗೆ ಹೇಳಬೇಕಾದುದಿಲ್ಲ. ಕಣ್ಣಿಗೆ ಕಾಣದ ಕ್ರಿಮಿಗಳಿಗೆ ಅದು ಮನೆ. ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು: ಶಸ್ತ್ರವೈದ್ಯರೂ ಅವರಿಗೆ ಸಾಮಗ್ರಿಯನ್ನು ನೀಡುವ ದಾದಿಯರೂ ಕೈತೊಳೆಯುವುದಕ್ಕೆ ಮುಂಚೆ ತಮ್ಮ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡುವರು. ರೋಗಿಯೊಬ್ಬರಿಗೇ ವಿಧಿಸಿದ ನಿಯಮವಲ್ಲ ಇದು. ಆ ಬಾಗಿಲನ್ನು ದಾಟುವವರೆಲ್ಲರಿಗೂ ಇದೆ.

ಬೆರಳಿನ ಬಣ್ಣದ ವಿಷಯವೂ ಇದಕ್ಕೆ ಸೇರಿದ್ದು. ಬೆರಳ ತುದಿಗೆ ಸಣ್ಣ ಚಿಮಟಿಗೆಯಂಥ ಉಪಕರಣವನ್ನು ಸಿಕ್ಕಿಸಿ, ಅದರ ಬೆಳಕು ಬೆರಳನ್ನು ಹಾಯ್ದು ಬರುವ ಬಗೆಯಿಂದ ರಕ್ತದಲ್ಲಿ ಆಮ್ಲಜನಕವು ಎಷ್ಟಿದೆಯೆಂದು ತಿಳಿಯುವರು. ಜಪಾನಿನ ತಕುವೊ ಅಯೊಯಾಗಿ ಎಂಬವರು ೧೯೭೪ರಲ್ಲಿ ಇದರ ತತ್ತ್ವವನ್ನು ಪ್ರಕಟಿಸಿದರು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿಯೂ ಕಂಡ ಯಂತ್ರವೇ ಅದು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಲೋಕದ ಆಸ್ಪತ್ರೆಗಳಿಗಾಗಿ ಸಿದ್ಧಪಡಿಸಿದ ೧೯ ಅಂಶಗಳ ಸುರಕ್ಷಾಪಟ್ಟಿಯಲ್ಲಿ, ಅರಿವಳಿಕೆಗೆ ಮೊದಲು ಈ ಯಂತ್ರವು ಮೈಮೇಲಿದ್ದು ಕೆಲಸಮಾಡುತ್ತಿದೆಯೇ ಎಂಬುದೂ ಒಂದು ಪ್ರಶ್ನೆ. ಉಗುರಿಗೆ ಗಾಢವಾದ ಬಣ್ಣವಿದ್ದರೆ, ಅಥವಾ ಬೆರಳ ತುದಿಗೆ ಕಪ್ಪು ಮದರಂಗಿಯಿದ್ದರೆ, ಬೆಳಕು ತಡೆದು ಎಣಿಕೆಯು ತಪ್ಪಬಹುದು.

ಇನ್ನು ಎಂ.ಆರ್.ಐ. ಎಂಬ ಪರೀಕ್ಷೆ. ಇದು ಶಸ್ತ್ರಚಿಕಿತ್ಸೆಯಲ್ಲ, ಆದರೂ ಅಲ್ಲಿನ ನಿಯಮವು ಇನ್ನೂ ಕಠಿನವಾದುದು. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದೂವರೆ ಟೆಸ್ಲಾ ಯಂತ್ರದ ಅಯಸ್ಕಾಂತವು ಭೂಮಿಯ ಕಾಂತಶಕ್ತಿಗಿಂತ ಸುಮಾರು ೩೦,೦೦೦ ಪಾಲು ಬಲವಾದುದು. ಪರೀಕ್ಷೆ ನಡೆಯದೆ ಸುಮ್ಮನಿರುವಾಗಲೂ ಅದರ ಸೆಳೆತವು ಇದ್ದೇ ಇರುವುದು. ಅಪ್ಪಟ ಚಿನ್ನವನ್ನು ಅದು ಸೆಳೆಯುವುದಿಲ್ಲವೆಂಬುದು ನಿಜ. ಆದರೆ ಕೊಂಡಿಯಲ್ಲಿ, ತಿರುಪಿನಲ್ಲಿ, ಒಳಗಿನ ಸುರುಳಿಯಲ್ಲಿ ಉಕ್ಕು ಸೇರಿದೆಯೇ ಇಲ್ಲವೇ ಎಂಬುದು ತೊಟ್ಟವರಿಗೆ ತಿಳಿಯದು. ಸೆಳೆಯದ ಲೋಹವೂ ಅಲ್ಲಿ ಬಿಸಿಯಾಗಬಹುದು. ಆದಕಾರಣ ಆ ಕೋಣೆಗೆ ಹೋಗುವಾಗ ಜೊತೆಯವರೂ ಸಹ ಜೇಬನ್ನು ಬರಿದುಮಾಡಿಕೊಳ್ಳಬೇಕು.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಬುದ್ಧಿಗೇನೋ ಒಪ್ಪಿತು. ಆದರೆ ಭದ್ರಾವತಿಗೆ ಹಿಂದಿರುಗುವ ದಾರಿಯಲ್ಲಿ, ಮರಳಿ ತಾಳಿಯನ್ನು ಕೊರಳಿಗೆ ಹಾಕಿಕೊಂಡು ಕಿಟಕಿಗೆ ಒರಗಿ ಕುಳಿತಿದ್ದ ಅತ್ತಿಗೆಯ ಮುಖವನ್ನು ನೋಡಿ, ಈ ಕಾರಣಗಳಲ್ಲಿ ಒಂದೂ ಅವರನ್ನು ಮುಟ್ಟುವುದಿಲ್ಲವೆಂದುಕೊಂಡೆನು. ಅವರಿಗಿದ್ದುದು ಸುಡುವ ಭಯವಲ್ಲ, ಅಮಂಗಳದ ಭಯ. ಇದನ್ನು ಮೂಢತನವೆಂದು ತಳ್ಳಿಬಿಡುವುದು ಸುಲಭ. ಆದರೆ ತಳ್ಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ನಮ್ಮ ಹೆಂಗಸರು ಬಳೆಯು ಒಡೆಯಿತೆನ್ನದೆ ‘ಹೆಚ್ಚಿತು’ ಎನ್ನುವರು. ದೀಪವನ್ನು ಆರಿಸು ಎನ್ನದೆ ‘ದೊಡ್ಡದು ಮಾಡು’ ಎನ್ನುವರು. ಇಂಥ ನುಡಿಯಲ್ಲಿ ಬೆಳೆದ ಕಿವಿಗೆ, ಮೈಯಲ್ಲಿ ಆತಂಕವು ತುಂಬಿರುವ ಹೊತ್ತಿನಲ್ಲಿ, “ತಾಳಿ ತೆಗೆ” ಎಂಬ ಎರಡು ಶಬ್ದಗಳು ಹೇಗೆ ಕೇಳಿಸಬಹುದೆಂದು ಯೋಚಿಸಬೇಕು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಓದಿದ ನಾಲ್ಕು ಅಕ್ಷರಗಳನ್ನು ನೆನಪಿಗೆ ತಂದುಕೊಂಡೆನು. ಗೃಹ್ಯಸೂತ್ರಗಳಲ್ಲಿ ವಿವಾಹದ ವಿಧಿಯನ್ನು ಹೇಳುವಾಗ ಪಾಣಿಗ್ರಹಣವುಂಟು, ಲಾಜಹೋಮವುಂಟು, ಸಪ್ತಪದಿಯುಂಟು; ಮಂಗಳಸೂತ್ರವನ್ನು ಕಟ್ಟುವ ವಿಧಿಯಿಲ್ಲ. ಅದು ಆಮೇಲೆ ಆಚಾರದಿಂದ ಬಂದುದು. ಆಚಾರದಿಂದ ಬಂದುದು ಕೀಳೆಂದು ನಾನು ಹೇಳುವುದಿಲ್ಲ. ಐವತ್ತು ವರ್ಷ ಎದೆಯ ಮೇಲಿದ್ದುದಕ್ಕೆ ಶಾಸ್ತ್ರದ ಅಪ್ಪಣೆಚೀಟಿ ಬೇಕಾಗಿಲ್ಲ. ಆದರೆ ವಿವಾಹವು ನಿಂತಿರುವುದು ಹಿಡಿದ ಕೈಯ ಮೇಲೆ, ಜೊತೆಯಾಗಿಟ್ಟ ಏಳು ಹೆಜ್ಜೆಗಳ ಮೇಲೆ. ಅದನ್ನು ಯಾವ ದಾದಿಯೂ ಬಿಚ್ಚಿಡೆನ್ನುವುದಿಲ್ಲ. ಇನ್ನು ತೊಟ್ಟುದನ್ನು ತೆಗೆಯುವುದೇ ಅಮಂಗಳವಾಗಿದ್ದರೆ ನಮ್ಮ ಕರ್ಮಗಳಲ್ಲಿ ಕಂಕಣವಿಸರ್ಜನೆಯೆಂಬ ವಿಧಿಯು ಏತಕ್ಕಿದೆ? ಭದ್ರಾವತಿಯ ಕೋಟೆಯ ಬಳಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿಯಾಗಲಿ ಮತ್ತೆಲ್ಲಿಯಾಗಲಿ, ದೇವರಿಗೆ ಅಭಿಷೇಕ ಮಾಡುವ ಮುಂಚೆ ಅರ್ಚಕರು ಆಭರಣಗಳನ್ನು ತೆಗೆದು ತಟ್ಟೆಯಲ್ಲಿಡುವರು. ಅಭಿಷೇಕವಾದ ಮೇಲೆ ಮತ್ತೆ ತೊಡಿಸುವರು. ಅಷ್ಟು ಹೊತ್ತು ದೇವಿಗೆ ಅಮಂಗಳವಾಯಿತೆಂದು ಯಾರೂ ಅಂದುದನ್ನು ನಾನು ಕೇಳಿಲ್ಲ.

ಸುಶ್ರುತನೂ ನೆನಪಾದನು. ಕಿವಿ ಚುಚ್ಚುವುದಕ್ಕೆಂದೇ ಅವನು ಸೂತ್ರಸ್ಥಾನದಲ್ಲಿ ಹದಿನಾರನೆಯ ಅಧ್ಯಾಯವನ್ನು ಇಟ್ಟಿದ್ದಾನೆ. ಮಗುವಿಗೆ ಆರನೆಯ ಅಥವಾ ಏಳನೆಯ ತಿಂಗಳಿನಲ್ಲಿ ರಕ್ಷೆಗೂ ಭೂಷಣಕ್ಕೂ ಕಿವಿಯನ್ನು ಚುಚ್ಚತಕ್ಕದ್ದೆಂದೂ, ರಂಧ್ರಕ್ಕೆ ಹತ್ತಿಯ ಬತ್ತಿಯನ್ನಿಟ್ಟು ಎಣ್ಣೆಯೆರೆದು ಮೂರು ಮೂರು ದಿನಕ್ಕೆ ಬತ್ತಿಯನ್ನು ದಪ್ಪಮಾಡತಕ್ಕದ್ದೆಂದೂ ಹೇಳುತ್ತಾನೆ. ಅದೇ ಅಧ್ಯಾಯದಲ್ಲಿ ಹರಿದ ಕಿವಿಯನ್ನು ಕೂಡಿಸುವ ಹದಿನೈದು ಬಗೆಗಳನ್ನೂ, ಕೊಯ್ದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ಕ್ರಮವನ್ನೂ ವಿವರಿಸುತ್ತಾನೆ. ಭೂಷಣವನ್ನು ಬಲ್ಲವನೇ ಶಸ್ತ್ರವನ್ನೂ ಬಲ್ಲವನಾಗಿದ್ದನು. ಅವನ ಮತದಲ್ಲಿ ಶಸ್ತ್ರಚಿಕಿತ್ಸೆಯು ಮೂರು ಭಾಗ: ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ. ನಡುವಿನದು ವೈದ್ಯನ ಕೈಯಲ್ಲಿದೆ. ಹಿಂದಣ ಮುಂದಣ ಎರಡರಲ್ಲಿ ಮನೆಯವರ ಪಾಲೂ ಉಂಟು. ಒಡವೆಯನ್ನು ತೆಗೆದಿಡುವುದು ಪೂರ್ವಕರ್ಮವೆಂದು ತಿಳಿದು ಮನೆಯಲ್ಲಿಯೇ ಮಾಡಿದ್ದರೆ ಅದು ಸಿದ್ಧತೆಯಾಗುತ್ತಿತ್ತು. ಆಪರೇಷನ್ ಕೊಠಡಿಯ ಬಾಗಿಲಲ್ಲಿ ಅವಸರದಿಂದ ಮಾಡಹೋಗಿ ಅದು ಸುಲಿಗೆಯಂತಾಯಿತು. ನಮ್ಮ ತಪ್ಪಿನ ಬೇರು ನನಗೆ ಆಗ ಕಂಡಿತು.

ಬೆಳಿಗ್ಗೆ ಇದನ್ನೆಲ್ಲ ಅತ್ತಿಗೆಗೆ ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡು ಹೋದೆನು. ಅಷ್ಟರಲ್ಲಿ ಅಣ್ಣನು ಕಾಫಿಯ ಲೋಟವನ್ನು ಕೆಳಗಿಟ್ಟು ತಾನೇ ಪ್ರಾರಂಭಿಸಿದನು. ಅವನು ಸಂಸ್ಕೃತ ಓದಿದವನಲ್ಲ. ಹಿಂದೆ ಬೆಂಕಿಪುರವೆಂದು ಹೆಸರಿದ್ದ ಆ ಊರಿನಲ್ಲಿ, ೧೯೨೩ರಲ್ಲಿ ಮೊದಲ ಕಬ್ಬಿಣವನ್ನು ಕರಗಿಸಿದ ಕಾರ್ಖಾನೆಯಲ್ಲಿ, ಯಂತ್ರಗಳ ನಡುವೆ ಬದುಕಿದವನು.

“ನೋಡೇ,” ಎಂದನು, “ನಿಮ್ಮಪ್ಪ ಧಾರೆಯ ದಿನ ನನ್ನ ಬೆರಳಿಗೆ ಹಾಕಿದ ಉಂಗುರ ಇದು. ನಾನು ಕೆಲಸಕ್ಕೆ ಹೋದಷ್ಟು ದಿನವೂ ಬೆಳಿಗ್ಗೆ ಇದನ್ನು ಎಲ್ಲಿಡುತ್ತಿದ್ದೆ, ಹೇಳು?”

“ದೇವರ ಗೂಡಿನಲ್ಲಿ,” ಎಂದರು ಅತ್ತಿಗೆ.

“ಏಕೆ?”

“ಉಂಗುರ ಯಂತ್ರಕ್ಕೆ ಸಿಕ್ಕಿದರೆ ಬೆರಳೇ ಹೋಗುತ್ತದೆ ಅಂತ ನೀವೇ ಹೇಳುತ್ತಿದ್ದಿರಿ.”

“ಮೂವತ್ತು ವರ್ಷ ತೆಗೆದಿಟ್ಟು ಹೋದೆ, ಮೂವತ್ತು ವರ್ಷ ಸಂಜೆ ಬಂದು ಹಾಕಿಕೊಂಡೆ. ಅದರಿಂದ ನಿನಗೆ ಏನಾದರೂ ಕೇಡಾಯಿತೇ? ನಾನು ಹತ್ತು ಬೆರಳೂ ಇಟ್ಟುಕೊಂಡು ಮನೆಗೆ ಬರಲಿ ಅಂತ ನೀನೇ ಬಾಗಿಲಲ್ಲಿ ಕೈನೀಡಿ ಈಸಿಕೊಳ್ಳುತ್ತಿದ್ದೆ. ಈಗ ನಿನ್ನ ಪಾಳಿ ಬಂದಿದೆ. ನೀನು ಕೊಡು, ನಾನು ಈಸಿಕೊಳ್ಳುತ್ತೇನೆ.”

ನನ್ನ ಗೃಹ್ಯಸೂತ್ರಗಳೂ ಸುಶ್ರುತನೂ ಬಾಯಿಂದ ಹೊರಗೆ ಬರುವ ಅವಶ್ಯಕತೆಯೇ ಬೀಳಲಿಲ್ಲ.

ಅಂದು ಹತ್ತು ಗಂಟೆಗೆ ಪರಿಚಯದ ಅಕ್ಕಸಾಲಿಗರನ್ನು ಮನೆಗೆ ಕರೆಸಿದೆವು. ಅವರು ಮೂಗಿನ ಒಳಹೊರಗೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಬಿಟ್ಟು ಅರ್ಧ ಗಂಟೆ ಕಾದರು. ಬಳಿಕ ಒಂದು ಸಣ್ಣ ಚಿಮಟದಿಂದ ಒಳಗಿನ ತಿರುಪನ್ನು ಹಿಡಿದು, ಮತ್ತೊಂದರಿಂದ ಹೂವನ್ನು ಮೆಲ್ಲನೆ ತಿರುಗಿಸಿದರು. ಐವತ್ತು ವರ್ಷದ ಹಟವು ಐದು ನಿಮಿಷದಲ್ಲಿ ಬಿಟ್ಟಿತು. ಸಂಜೆ ದೀಪ ಹಚ್ಚಿದ ಮೇಲೆ ಅತ್ತಿಗೆ ತಾವೇ ತಾಳಿಯನ್ನು ಅಣ್ಣನ ಕೈಗಿತ್ತರು. ಅವನು ಅದನ್ನು ದೇವರ ಮುಂದೆ ಕುಂಕುಮದ ಬಟ್ಟಲಿನಲ್ಲಿಟ್ಟನು. ತಾಳಿಯನ್ನು ದುರಸ್ತಿಗೆ ಕೊಟ್ಟಾಗ ಹೆಂಗಸರು ಅರಿಸಿನದ ಕೊಂಬನ್ನು ದಾರಕ್ಕೆ ಕಟ್ಟಿ ಧರಿಸುವ ಪದ್ಧತಿಯು ನಮ್ಮಲ್ಲಿ ಹಿಂದಿನಿಂದಲೂ ಉಂಟಷ್ಟೆ, ಅದರಂತೆಯೇ ಮಾಡಿದೆವು. ಮರುದಿನ ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯರನ್ನು ಕೇಳಲಾಗಿ, ಕೊರಳಲ್ಲಿ ದಾರವು ಬೇಡವೆಂದೂ, ಸೂಜಿ ಹಾಕದ ಕೈಯ ಮಣಿಕಟ್ಟಿಗೆ ಸಡಿಲವಾಗಿ ಕಟ್ಟಿ ಮೇಲೆ ಪಟ್ಟಿ ಅಂಟಿಸಬಹುದೆಂದೂ ಅಪ್ಪಣೆ ಕೊಟ್ಟರು. ಅತ್ತಿಗೆಯ ರಕ್ತದೊತ್ತಡವು ಅಂದು ಸರಿಯಾಗಿತ್ತು. ಶಸ್ತ್ರಕ್ರಿಯೆಯು ನಿರ್ವಿಘ್ನವಾಗಿ ನಡೆಯಿತು. ಮೂರನೆಯ ದಿನ ಮನೆಗೆ ಬಂದು, ದೇವರ ಮುಂದಿನ ತಾಳಿಯನ್ನು ಅಣ್ಣನ ಕೈಯಿಂದಲೇ ಈಸಿಕೊಂಡು ಕಟ್ಟಿಕೊಂಡರು.

ಈ ಅನುಭವದಿಂದ ನಾವು ಕಲಿತ ಕ್ರಮವನ್ನು ಗೃಹಸ್ಥರ ಉಪಯೋಗಕ್ಕಾಗಿ ಸಂಗ್ರಹಿಸಿ ಹೇಳುತ್ತೇನೆ.

ಶಸ್ತ್ರಚಿಕಿತ್ಸೆಯ ದಿನವು ಗೊತ್ತಾದೊಡನೆ, ಒಂದು ವಾರ ಮೊದಲೇ, ಪ್ರತಿಯೊಂದು ಒಡವೆಯನ್ನೂ ಬಿಚ್ಚಿ ನೋಡತಕ್ಕದ್ದು. ಬಿಚ್ಚದ ಮೂಗುತಿಗೂ ಓಲೆಗೂ ಅಕ್ಕಸಾಲಿಗರೇ ಗತಿ. ಶಿವಮೊಗ್ಗೆಯ ಗಾಂಧಿ ಬಜಾರಿನಂಥ ಪೇಟೆಯಿರುವ ಊರಿನಲ್ಲಿ ಅದು ಕಷ್ಟದ ಕೆಲಸವಲ್ಲ. ಬೆರಳಿಗೆ ಬಿಗಿದ ಉಂಗುರಕ್ಕೆ, ಕೈಯನ್ನು ಸ್ವಲ್ಪ ಹೊತ್ತು ತಲೆಗಿಂತ ಮೇಲೆ ಎತ್ತಿ ಹಿಡಿದು, ತಣ್ಣೀರಿನಲ್ಲಿ ಅದ್ದಿ, ಸಾಬೂನನ್ನೋ ಎಣ್ಣೆಯನ್ನೋ ಹಚ್ಚಿ ತಿರುಗಿಸುತ್ತ ಎಳೆಯಬೇಕು. ಅದಕ್ಕೂ ಜಗ್ಗದಿದ್ದರೆ ಕತ್ತರಿಸುವುದೇ ಲೇಸು. ಕತ್ತರಿಸಿದ ಚಿನ್ನವನ್ನು ಬೆಸೆಯಬಹುದು. ಸತ್ತ ಬೆರಳನ್ನು ಬೆಸೆಯುವವರಿಲ್ಲ. ಏನು ಮಾಡಿದರೂ ಬಾರದಿದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸಿದರೆ, ಶಸ್ತ್ರಕ್ರಿಯೆಯ ಜಾಗದಿಂದ ದೂರವಿರುವ ಸಣ್ಣ ಒಡವೆಗೆ ಪಟ್ಟಿಯನ್ನು ಸುತ್ತಿ ಬಿಡಬಹುದೇ ಎಂಬುದನ್ನು ಅವರು ತೀರ್ಮಾನಿಸುವರು. ಆ ತೀರ್ಮಾನವು ಅವರದು, ನಮ್ಮದಲ್ಲ.

ಗಂಡಸರು ಇದು ಹೆಂಗಸರ ವಿಷಯವೆಂದು ಕೈಕಟ್ಟಿ ಕೂರಬಾರದು. ಬೆಳ್ಳಿಯ ಉಡಿದಾರ, ತಾಯಿತ, ಕಡಗ, ಕೊರಳ ಸರಪಣಿ ಎಲ್ಲವೂ ಈ ನಿಯಮಕ್ಕೆ ಒಳಪಟ್ಟುವೇ. ಜನಿವಾರವು ನೂಲಿನದಾದರೂ ಹೊಟ್ಟೆ ಎದೆಗಳ ಶಸ್ತ್ರಕ್ರಿಯೆಯಲ್ಲಿ ಅಡ್ಡಬರುವುದು. ಇಷ್ಟಲಿಂಗವನ್ನು ಧರಿಸುವವರು ಅದನ್ನು ಮೈಯಿಂದ ಅಗಲಿಸಲು ಹಿಂಜರಿಯುವುದು ಸಹಜ. ಬೆಳ್ಳಿಯ ಕರಡಿಗೆಯನ್ನು ಏನು ಮಾಡಬೇಕು, ಲಿಂಗವನ್ನು ಯಾರ ಬಳಿಯಲ್ಲಿ ಹೇಗೆ ಇರಿಸಬೇಕು ಎಂಬುದನ್ನು ವೈದ್ಯರೊಡನೆಯೂ ಮನೆಯ ಹಿರಿಯರೊಡನೆಯೂ ಮೊದಲೇ ಮಾತನಾಡಿಕೊಳ್ಳಬೇಕು. ಮುಂಚೆ ಕೇಳಿದವರಿಗೆ ದಾರಿಯು ದೊರೆಯುವುದು. ಬಾಗಿಲಲ್ಲಿ ವಾದಿಸುವವರಿಗೆ ದೊರೆಯುವುದು ಕಷ್ಟ.

ಹೊಸದಾಗಿ ಚುಚ್ಚಿಸಿದ ಕಿವಿ ಮೂಗುಗಳ ರಂಧ್ರವು ಕೆಲವು ಗಂಟೆಗಳಲ್ಲಿಯೇ ಕಿರಿದಾಗಬಹುದು. ಲೋಹದ ಬದಲು ಪ್ಲಾಸ್ಟಿಕ್ಕಿನ ಸಣ್ಣ ಕಡ್ಡಿಯನ್ನು ಇಡಬಹುದೇ ಎಂದು ಕೇಳಿ ನೋಡಬೇಕು, ಒಪ್ಪದಿದ್ದರೆ ಹಟಮಾಡಬಾರದು. ಇಂದಲ್ಲ ನಾಳೆ ಮತ್ತೆ ಚುಚ್ಚಿಸಿಕೊಳ್ಳುವುದು ಇದ್ದೇ ಇದೆ. ಹಿಂದಿನ ದಿನ ಉಗುರಿನ ಬಣ್ಣವನ್ನು ಅಳಿಸಬೇಕು. ಕೂದಲಿನ ಲೋಹದ ಪಿನ್ನುಗಳು, ಕಟ್ಟಿಸಿದ ಹಲ್ಲು, ಕಣ್ಣೊಳಗಿಡುವ ಮಸೂರ ಇವುಗಳ ವಿಷಯದಲ್ಲಿಯೂ ಇದೇ ಎಚ್ಚರವಿರಲಿ.

ತೆಗೆದ ಒಡವೆಯನ್ನು ಮನೆಯಲ್ಲಿಯೇ ಭದ್ರಪಡಿಸಿ ಬರುವುದು ಉತ್ತಮ. ಆಸ್ಪತ್ರೆಯಲ್ಲಿಯೇ ತೆಗೆಯಬೇಕಾಗಿ ಬಂದರೆ ಪಟ್ಟಿಮಾಡಿ, ಒಬ್ಬರೇ ನಂಬುಗೆಯವರ ಕೈಗೆ ಕೊಟ್ಟು, ಪುಸ್ತಕದಲ್ಲಿ ಬರೆಸುವ ಪದ್ಧತಿಯಿದ್ದರೆ ಬರೆಸಬೇಕು. ತಲೆದಿಂಬಿನ ಕೆಳಗೆ, ಸೀರೆಯ ಗಂಟಿನಲ್ಲಿ ಇಡತಕ್ಕದ್ದಲ್ಲ. ಚಿಕಿತ್ಸೆಯಾದ ಮೇಲೆ ಕೈಕಾಲಿನ ಬಾವು ಇಳಿದು ವೈದ್ಯರು ಒಪ್ಪಿದ ಬಳಿಕವೇ ಮತ್ತೆ ತೊಡಬೇಕು.

ಇಷ್ಟೆಲ್ಲ ಕ್ರಮವು ಮುಂಚೆ ದಿನ ಗೊತ್ತಾದ ಚಿಕಿತ್ಸೆಗೆ. ರಸ್ತೆಯ ಅಪಘಾತವಾಯಿತು, ಹೆರಿಗೆಯಲ್ಲಿ ತೊಡಕಾಯಿತು ಎಂಬಂಥ ಸಮಯದಲ್ಲಿ ಒಡವೆಯ ಯೋಚನೆಯಿಂದ ಒಂದು ಕ್ಷಣವನ್ನೂ ಕಳೆಯಬಾರದು. ಬರುವುದನ್ನು ತೆಗೆದು, ಬಾರದುದನ್ನು ಕತ್ತರಿಸಿ, ಅದಕ್ಕೂ ಹೊತ್ತಿಲ್ಲದಿದ್ದರೆ ಪಟ್ಟಿ ಸುತ್ತಿ, ವೈದ್ಯರು ತಮ್ಮ ಕೆಲಸವನ್ನು ಮಾಡುವರು. ಬಂಗಾರದ ಬಳೆಯನ್ನು ಕತ್ತರಿಸಬೇಡಿರೆಂದು ಆಗ ಅಡ್ಡಬರುವವನು ರೋಗಿಯ ಹಿತೈಷಿಯಲ್ಲ.

ಕೊನೆಯದಾಗಿ, ಆಸ್ಪತ್ರೆಯಲ್ಲಿ ಸೇವೆ ಮಾಡುವ ಸೋದರಸೋದರಿಯರಲ್ಲಿಯೂ ಒಂದು ಬಿನ್ನಹವುಂಟು. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯಂಥ ಸರ್ಕಾರದ ದೊಡ್ಡ ಆಸ್ಪತ್ರೆಗಳಿಗೆ ಸುತ್ತಮುತ್ತಲ ಊರುಗಳಿಂದ, ಅಕ್ಷರ ಓದಲಾರದ ಎಷ್ಟೋ ಮಂದಿ ತಾಯಂದಿರು ಬರುವರು. ಅಚ್ಚಿನ ಕಾಗದವು ಅವರಿಗೆ ಉಪಯೋಗವಾಗದು. ಅಕ್ಷರ ಬಲ್ಲ ಮೇಷ್ಟರೇ ಓದಲಿಲ್ಲವೆಂದು ಆಗಲೇ ಒಪ್ಪಿಕೊಂಡಿದ್ದೇನೆ. ಹಿಂದಿನ ಸಂಜೆಯೇ ಹಾಸಿಗೆಯ ಬಳಿ ಕುಳಿತು, “ತಾಯೀ, ಇದನ್ನು ದೇವರ ಮುಂದೆ ಇಟ್ಟುಬನ್ನಿ, ಬಂದಮೇಲೆ ಮತ್ತೆ ತೊಡುವಿರಂತೆ” ಎಂದು ಹೇಳಿದರೆ, ಬೆಳಗಿನ ಜಾವದ ಅರ್ಧ ಗಂಟೆಯ ಕಣ್ಣೀರು ಉಳಿಯುವುದು. ತೆಗೆ ಎಂಬುದಕ್ಕೂ ಇಟ್ಟುಬಾ ಎಂಬುದಕ್ಕೂ ಇರುವ ದೂರವು ಶಬ್ದದಲ್ಲಿ ಸ್ವಲ್ಪ, ಮನಸ್ಸಿನಲ್ಲಿ ಬಹಳ.

ಅತ್ತಿಗೆಯ ಮೂಗುತಿಯು ಈಗ ಮರಳಿ ಮೂಗಿನಲ್ಲಿದೆ. ಅದಕ್ಕೆ ಅಕ್ಕಸಾಲಿಗರು ಹೊಸ ತಿರುಪನ್ನು ಹಾಕಿಕೊಟ್ಟಿದ್ದಾರೆ. ತಿಂಗಳಿಗೊಮ್ಮೆ ಎಣ್ಣೆನೀರಿನ ದಿನ ಅವರು ಅದನ್ನು ಬಿಚ್ಚಿ ತೊಳೆದು ಮತ್ತೆ ಹಾಕಿಕೊಳ್ಳುತ್ತಾರೆ. “ಯಾವಾಗ ಏನು ಬೇಕಾಗುತ್ತದೋ, ಯಾರಿಗೆ ಗೊತ್ತು?” ಎಂದು ಸೊಸೆಗೂ ಹಾಗೆಯೇ ಮಾಡಲು ಹೇಳಿದ್ದಾರೆ. ಮೂಗು ಇರುವತನಕ ಮೂಗುತಿಗೆ ಜಾಗವಿದ್ದೇ ಇರುವುದು. ಮೊದಲು ಮೂಗಿನ ಯೋಗಕ್ಷೇಮವನ್ನು ನೋಡಿಕೊಳ್ಳೋಣ.